ಕೊಬ್ಬು ಇಳಿಸೋದು

ಹೊಂಬಾಳಮ್ಮನ ಕಾಲಿನ ವಿಷಯ ಬಂದರೆ ಊರಿಗೆ ಊರೇ ಡಾಕ್ಟ್ರು. ಒಬ್ಬಳು ನೀರು ತುಂಬಿದೆ ಅಂದಳು, ಇನ್ನೊಬ್ಬಳು ಯಾರೋ ಮಾಟ ಮಾಡಿಸಿದ್ದಾರೆ ಅಂದಳು. ಹಾಲಿನ ಡೈರಿ ಜಗಲಿ ಮೇಲೆ ಬೀಡಿ ಎಳೆಯುತ್ತ ಕೂರುವ ಅಂಕಯ್ಯನಂತೂ ಸೀರೆ ಮೇಲಿಂದಲೇ ನೋಡಿ ಆನೆಕಾಲು ಅಂತ ತೀರ್ಪು ಕೊಟ್ಟುಬಿಟ್ಟ. ಆ ತೀರ್ಪು ನಂಬಿಕೊಂಡು ಅವಳ ಗಂಡ ಶಿವರಾಜು ಬರೆ ಹಾಕುವವನೊಬ್ಬನನ್ನು ಮನೆಗೇ ಕರೆತಂದ. ಕುಡುಗೋಲಿನ ತುದಿ ಕೆಂಪಗೆ ಕಾಯಿಸಿ ಎರಡೂ ಮೀನಖಂಡಕ್ಕೆ ಮೂರು ಮೂರು ಬರೆ ಎಳೆದರು. ಅವಳು ಒದ್ದಾಡದ ಹಾಗೆ ತೋಳು ಅದುಮಿ ಹಿಡಿದವನು ಶಿವರಾಜುವೇ. ಬರೆ ಕೀವುಗಟ್ಟಿತು, ಒಣಗಿತು, ಗುರುತು ಉಳಿಯಿತು. ಕಾಲು ಇದ್ದ ಹಾಗೇ ಇತ್ತು. ಅಂಕಯ್ಯನನ್ನು ಯಾರೂ ಹೋಗಿ ಕೇಳಲಿಲ್ಲ.

ಆ ಕಾಲು ಹೇಗಿತ್ತು ಅಂತ ಈಗಲೇ ಹೇಳಿಬಿಡುತ್ತೇನೆ. ಸೊಂಟದಿಂದ ಪಾದದ ಗಂಟಿನ ತನಕ ಎರಡೂ ಕಡೆ ಸಮಸಮ ದಪ್ಪ, ಕೈಯಿಟ್ಟರೆ ಒಳಗೆ ಕಾಳು ಕಾಳು. ಗಂಟಿನ ಹತ್ತಿರ ದಾರ ಕಟ್ಟಿ ನಿಲ್ಲಿಸಿದ ಹಾಗೆ ದಪ್ಪ ನಿಂತುಹೋಗಿ, ಕೆಳಗೆ ಪುಟ್ಟ ಪಾದ. ಮೈನೆರೆದ ವರ್ಷ ಶುರುವಾದದ್ದು, ಮಗಳು ದೀಪಿಕ ಹುಟ್ಟಿದ ಮೇಲೆ ಎರಡರಷ್ಟಾಯಿತು. ನೋವು ಅಂದರೆ ಎಂಥ ನೋವು, ಹೊದ್ದ ಕಂಬಳಿಯ ಭಾರ ತಡೆಯುತ್ತಿರಲಿಲ್ಲ. ಮಗು ಬಂದು ತೊಡೆ ಮೇಲೆ ಕೈಯೂರಿದರೆ ಆ ಜಾಗ ಸಂಜೆಗೆ ಕಪ್ಪಾಗುತ್ತಿತ್ತು. ಇಂಥ ಕಾಲಿಗೆ ಶಿವರಾಜು ವಾರಕ್ಕೊಂದು ಸಲವಾದರೂ ಕುರಿ ಹೊಡೆಯೋ ಕೋಲು ಬೀಸುತ್ತಿದ್ದ.

ಶಿವರಾಜುವಿಗೆ ಕಿರುಗಾವಲಿನಲ್ಲಿ ಮಟನ್ ಅಂಗಡಿ. ಅವನ ಕೈ ಅಂದರೆ ಸುತ್ತ ಹತ್ತು ಹಳ್ಳಿಗೆ ಹೆಸರು. ಕುರಿಯ ಬೆನ್ನ ಮೇಲೆ ಎರಡು ಬೆರಳೊತ್ತಿ, ಒಳಗೆ ಇಷ್ಟು ಬಾಡು, ಇಷ್ಟು ಕೊಬ್ಬು ಅಂತ ಹೇಳುತ್ತಿದ್ದ, ಕೊಯ್ದು ನೋಡಿದರೆ ಅಷ್ಟೇ ಇರುತ್ತಿತ್ತು. ಅವನು ಹೊಂಬಾಳಮ್ಮನಿಗೆ ಬರೀ ಗಂಡ ಅಲ್ಲ, ಹೆತ್ತವ್ವನ ತಮ್ಮ, ಸೋದರಮಾವ. ಅವ್ವ ಇವಳಿಗೆ ಐದು ವರ್ಷವಿದ್ದಾಗ ಹಾವು ಕಚ್ಚಿ ಸತ್ತಳು. ಅಜ್ಜಿ ದೇವಿರಮ್ಮ ಮೊಮ್ಮಗಳನ್ನು ತಂದು ಸಾಕಿ, ದೊಡ್ಡವಳಾದ ಮೇಲೆ ತನ್ನ ಮಗನಿಗೇ ತಂದುಕೊಂಡಳು. ಹಾಗಾಗಿ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೂ ದೇವಿರಮ್ಮನನ್ನು ಅಜ್ಜಿ ಅಂತಲೇ ಕರೆಯುತ್ತಿದ್ದರು. ಹೊಂಬಾಳಮ್ಮ ಗಂಡನನ್ನು ಮಾವ ಅನ್ನುತ್ತಿದ್ದಳು, ಹೊಡೆತ ತಿನ್ನುವಾಗಲೂ.

ನಮ್ಮ ಕಡೆ ಕೊಬ್ಬು ಅನ್ನುವ ಮಾತಿಗೆ ಎರಡು ಮನೆ. ಒಂದು ಕುರಿಯ ಚರ್ಮದ ಕೆಳಗೆ, ಇನ್ನೊಂದು ಎದುರು ಮಾತಾಡುವ ಹೆಂಗಸಿನ ಬಾಯಲ್ಲಿ. "ಯಾಕೆ ಹಿಂಗೆ ಬಡೀತೀಯ ಮಾವ" ಅಂತ ಕೇಳಿದರೆ ಕೊಬ್ಬು. ನೋವು ತಡೆಯಲಾರದೆ ಅಂಗಡಿ ಮೆಟ್ಟಿಲ ಮೇಲೆ ಕೂತರೂ ಕೊಬ್ಬು. "ನಿನ್ನ ಕೊಬ್ಬು ಇಳಿಸ್ತೀನಿ ಕಣೆ" ಅನ್ನುವುದೇ ಅವನ ಸುಪ್ರಭಾತ. ಹೋದ ವರ್ಷ ಗೌರಿಹಬ್ಬ ಕಳೆದ ವಾರ, ಗಿರಾಕಿ ನಿಂತಿರುವಾಗ ಇವಳು ಕೂತಳು ಅಂತ ಒಂದು ಕೇಜಿ ತೂಕದ ಕಲ್ಲು ತೆಗೆದು ಬೀಸಿ ಒಗೆದ. ಅದು ಎಡಗಾಲಿಗೆ ಬಿದ್ದು ಚರ್ಮ ಒಡೆದು ಹದಿನೈದು ದಿನ ಸೋರಿತು. ಮಳವಳ್ಳಿಯಲ್ಲಿ ತೋರಿಸಿದರು. ಅಲ್ಲಿಯವರು ಇದು ನಮ್ಮ ಕೈಲಾಗಲ್ಲ ಅಂತ ಮಂಡ್ಯದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಮಂಡ್ಯದಲ್ಲಿ ಅವಳಿಗೆ ಸಿಕ್ಕಿದ್ದು ಡಾಕ್ಟರ್ ಅರುಂಧತಿ. ಆಕೆ ಹುಟ್ಟಿ ಬೆಳೆದದ್ದು ಶಿವನಸಮುದ್ರದ ಹತ್ತಿರದ ಬ್ಲಫ್‌ನಲ್ಲಿ, ಅಪ್ಪ ಕೆಂಪಸಿದ್ದಯ್ಯ ಅಲ್ಲಿ ಕರೆಂಟು ತಯಾರಿಸುವ ಮನೆಯಲ್ಲಿ ನೌಕರಿಯಲ್ಲಿದ್ದವರು. ಆದ್ದರಿಂದ ಡಾಕ್ಟ್ರಿಗೆ ಇವರ ಮಾತು ಬಿಡಿಸಿ ಹೇಳಬೇಕಿರಲಿಲ್ಲ. ಆಕೆ ಗಾಯ ನೋಡುವ ಮೊದಲು ಕೆಳಗೆ ಬಗ್ಗಿ ಪಾದ ಕೈಗೆತ್ತಿಕೊಂಡು ಕಾಲುಂಗುರವನ್ನು ತಿರುಗಿಸಿದಳು. ಅದು ಸಲೀಸಾಗಿ ಸುತ್ತಿತು.

"ಇದು ಯಾವಾಗ ಹಾಕಿದ್ದು?"

"ಮದ್ವೇಲಿ ಡಾಕ್ಟ್ರಮ್ಮ."

"ಆಮೇಲೆ ಬಿಚ್ಚಿ ದೊಡ್ಡದು ಮಾಡಿಸಿದ್ರಾ?"

"ಇಲ್ಲ, ಅದೇಯ."

"ಹಂಗಾದ್ರೆ ಆನೆಕಾಲು ಅಂದೋನು ಯಾವನು? ಆನೆಕಾಲಾಗಿದ್ರೆ ಪಾದ ಊದಿ ಈ ಉಂಗುರ ಯಾವತ್ತೋ ಕತ್ತರಿಸಬೇಕಾಗಿತ್ತು. ಇದು ಲಿಪಿಡೀಮ. ಹೆಂಗಸರಿಗೇ ಬರೋದು ಹೆಚ್ಚು, ರಕ್ತದಲ್ಲಿ ಬತ್ತದೆ. ಮನೇಲಿ ಅವ್ವನಿಗೋ ಅಜ್ಜಿಗೋ ಇತ್ತಾ?"

ಹೊಂಬಾಳಮ್ಮ ಬಾಯಿ ತೆರೆಯುವ ಮೊದಲೇ ಶಿವರಾಜು "ನಮ್ಮ ಮನೇಲಿ ಯಾರ್ಗೂ ಇಲ್ಲ" ಅಂದ. ಅಜ್ಜಿಯ ಕಾಲನ್ನು ಪಾದದ ಗಂಟಿನಿಂದ ಮೇಲಕ್ಕೆ ಇವಳೂ ಕಂಡವಳಲ್ಲ. ಸ್ನಾನ ಮಾಡಿದರೂ ಸೀರೆ ಸುತ್ತಿಕೊಂಡೇ, ಮಲಗಿದರೂ ಸೀರೆಯ ಅಂಚನ್ನು ಪಾದಕ್ಕೆ ಸಿಕ್ಕಿಸಿಕೊಂಡೇ. ಕೇಳಿದರೆ ವಾತದ ಕಾಲು, ಗಾಳಿ ಸೋಕಬಾರದು ಅನ್ನುತ್ತಿದ್ದಳು.

ಡಾಕ್ಟ್ರು ತೊಡೆಯ ಮೇಲಿನ ಕಪ್ಪು ನೋಡಿ ಇದೇನು ಅಂದಳು. ಅದಕ್ಕೂ ಶಿವರಾಜುವೇ ಉತ್ತರ. "ಮುಟ್ಟಿದ್ರೆ ಕಪ್ಪಾಯ್ತದೆ, ಅವಳ ಮೈಯೇ ಹಂಗೆ."

"ಹೌದು, ಈ ಕಾಯಿಲೇಲಿ ಮುಟ್ಟಿದ್ರೆ ಕಪ್ಪಾಯ್ತದೆ" ಅಂದಳು ಅರುಂಧತಿ. "ಆದ್ರೆ ಕಾಯಿಲೆಗೆ ಕೋಲಿನ ಅಂಚು ಇರಲ್ಲ." ಹಾಗಂದು ಒಂದು ಹಾಳೆಯಲ್ಲಿ ಕಾಲಿನ ಚಿತ್ರ ಬರೆದು ಒಂದೊಂದು ಗುರುತನ್ನೂ ಗೀಚಿ ಇಟ್ಟುಕೊಂಡಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಇದು ಕೊಬ್ಬು. ಉಂಡದ್ದು ಸೇರಿ ಆದ ಕೊಬ್ಬಲ್ಲ, ಕಾಯಿಲೆಯ ಕೊಬ್ಬು. ಊಟ ಬಿಟ್ಟರೂ ಹೋಗಲ್ಲ, ಓಡಿದರೂ ಹೋಗಲ್ಲ. ಆಪರೇಷನ್ ಮಾಡಿ, ಸಣ್ಣ ಕೊಳವೆ ಒಳಗೆ ಬಿಟ್ಟು ಎಳೆದು ತೆಗೆಯಬೇಕು. ಅದೂ ಎರಡು ಮೂರು ಕಂತಿನಲ್ಲಿ. ಪೂರಾ ವಾಸಿ ಆಗುತ್ತೆ ಅಂತ ಸುಳ್ಳು ಹೇಳಲ್ಲ, ಆದರೆ ನೋವು ಇಳಿಯುತ್ತೆ, ನಡೆಯಬಹುದು. ಹೀಗೇ ಬಿಟ್ಟರೆ ಇನ್ನು ಕೆಲವು ವರ್ಷಕ್ಕೆ ನಡೆಯೋದೇ ಕಷ್ಟವಾಗುತ್ತೆ.

ಇಷ್ಟು ಹೇಳಿದ್ದರಲ್ಲಿ ಶಿವರಾಜುವಿನ ಕಿವಿಗೆ ಬಿದ್ದದ್ದು ಒಂದೇ ಮಾತು. ವಾಪಸು ಬರುವಾಗ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ನಕ್ಕ. "ಓದಿರೋ ಡಾಕ್ಟ್ರೇ ಯೋಳುದ್ಲು ಕಣೆ, ಕೊಬ್ಬು ಅಂತ. ಇಷ್ಟು ವರ್ಷದಿಂದ ನಾನು ಯೋಳಿದ್ದೇನು? ಅದನ್ನ ಇಳಿಸಾಕೆ ಸಿನಿಮಾದವರು ಮಾಡಿಸ್ಕಳೋ ಆಪರೇಷನ್ ಬೇಕಾ? ನಾನೇ ಇಳಿಸ್ತೀನಿ."

ಇಳಿಸಲು ಹೊರಟ, ಪಾಪಿ. ಮೊದಲು ಅವಳ ಮುದ್ದೆ ಅರ್ಧವಾಯಿತು, ಆಮೇಲೆ ಕಾಲುಭಾಗವಾಯಿತು. ಕೊನೆಗೆ ಬೆಳಗ್ಗೆ ನಿಂಬೆಹಣ್ಣಿನ ನೀರು, ಸಂಜೆ ಹುರುಳಿಕಟ್ಟು, ಅಷ್ಟೇ. ಅಡುಗೆಮನೆಗೆ ಬೀಗ ಹಾಕಿ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅಂಗಡಿ ಮುಂದಿನ ಹುಣಸೆ ಕೊಂಬೆಗೆ ಕುರಿ ತೂಗುವ ದೊಡ್ಡ ತಕ್ಕಡಿ ಹಗ್ಗದಲ್ಲಿ ನೇತಾಡುತ್ತಿತ್ತು. ಭಾನುವಾರ ಬೆಳಗ್ಗೆ, ಗಿರಾಕಿ ತುಂಬಿರುವಾಗ, ಆ ಹಲಗೆ ಮೇಲೆ ಹೆಂಡತಿಯನ್ನು ಕೂರಿಸಿ ತೂಗುತ್ತಿದ್ದ. ಜನ ಗುಡ್ಡೆ ಲೆಕ್ಕದಲ್ಲಿ ಬಾಡು ಹಾಕಿಸಿಕೊಳ್ಳುತ್ತ ನೋಡುತ್ತಿದ್ದರು. ಕೆಲವರು ನಕ್ಕರು, ಕೆಲವರು ಮುಖ ತಿರುಗಿಸಿದರು, ಒಬ್ಬನೂ ಬೇಡ ಕಣ್ಲಾ ಅನ್ನಲಿಲ್ಲ. ಹೇಳಲು ನನಗೇ ನಾಚಿಕೆಯಾಗುತ್ತದೆ.

ಎರಡು ತಿಂಗಳಿಗೆ ಹೊಂಬಾಳಮ್ಮನ ಕೊರಳ ಮೂಳೆ ಎದ್ದು ಬಂತು. ಕೆನ್ನೆ ಒಳಗೆ ಹೋಯಿತು, ಕೈಬಳೆ ಮೊಳಕೈ ತನಕ ಜಾರುತ್ತಿತ್ತು. ಕಾಲು ಮಾತ್ರ ಒಂದು ಬೆರಳಿನಷ್ಟೂ ಕರಗಲಿಲ್ಲ. ಡಾಕ್ಟ್ರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದು ಅವನಿಗೆ ಎಲ್ಲಿ ಹೊಳೆಯಬೇಕು, ಕೊಬ್ಬು ಎಲ್ಲ ಕಾಲಲ್ಲಿ ಬಚ್ಚಿಟ್ಟುಕೊಂಡಿದೆ ಅಂತ ರೇಗಿದ. ಅಂಗಳದಲ್ಲಿ ಕೆಡವಿ ಮೀನಖಂಡದ ಮೇಲೆ ಎಣಿಸಿ ಎಣಿಸಿ ಕೋಲು ಇಳಿಸಿದ. ಅವಳು ಅಳುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಇದು ನನ್ನ ಕಾಲೇ ಅಲ್ಲ ಅಂದುಕೊಂಡು, ಮಣ್ಣಿನಲ್ಲಿ ಕೆನ್ನೆಯಿಟ್ಟು, ಇರುವೆ ಸಾಲು ನೋಡುತ್ತ ಬಿದ್ದಿರುತ್ತಿದ್ದಳು.

ಹಾಗೆ ಬಿದ್ದಿದ್ದ ಒಂದು ದಿನ ಎದುರಿಗೆ ಮಗಳ ಪಾದ ಕಂಡಿತು. ದೀಪಿಕಳಿಗೆ ಹದಿಮೂರು, ಮೈನೆರೆದು ಆರು ತಿಂಗಳಾಗಿತ್ತು. ಪಾದ ಪುಟ್ಟದು, ಬೆಳ್ಳಿ ಕಾಲುಚೈನು ಮಾತ್ರ ಗಂಟಿನ ಮೇಲೆ ಚರ್ಮಕ್ಕೆ ಕಚ್ಚಿಕೊಂಡು ಕೆಂಪಗೆ ಗೆರೆ ಮೂಡಿಸಿತ್ತು. ಹೊಂಬಾಳಮ್ಮನಿಗೆ ಕೋಲಿನ ಏಟಿಗಿಂತ ಆ ಕೆಂಪು ಗೆರೆ ಹೆಚ್ಚು ನೋಯಿತು. ಅವತ್ತೇ ಕಾಲುಚೈನು ಬಿಚ್ಚಿಸಿ, ಪಾದ ಮುಚ್ಚುವ ಲಂಗ ಹಾಕು ಅಂತ ಮಗಳಿಗೆ ಹೇಳಿದಳು. ಆಪರೇಷನ್ನು ತನಗೆ ಆಗದಿದ್ದರೂ ಹೋಗಲಿ, ಈ ಕೂಸು ತಕ್ಕಡಿ ಏರಬಾರದು ಅಂದುಕೊಂಡಳು.

ಮುಚ್ಚಿದರೆ ಏನು ಬಂತು, ಕುರಿ ನೋಡುವ ಕಣ್ಣು ಅವನದು. ಮುಂದಿನ ಭಾನುವಾರ ಅಂಗಡಿ ಮುಂದೆ ಹತ್ತಿಪ್ಪತ್ತು ಜನ. ದೀಪಿಕ ನೀರಿನ ಕೊಡ ಹೊತ್ತು ಹೋಗುತ್ತಿದ್ದಳು. ಶಿವರಾಜು ಅವಳ ಜಡೆ ಹಿಡಿದು ನಿಲ್ಲಿಸಿ, ಲಂಗ ಮೇಲೆತ್ತಿ, ಮೀನಖಂಡಕ್ಕೆ ಎರಡು ಬೆರಳೊತ್ತಿದ. ಹುಡುಗಿ ನೋವಿಗೆ ಚೀರಿದಳು.

"ಓಹೋ, ನಿಂಗೂ ಕೊಬ್ಬು ಬತ್ತಾ ಐತಾ? ಅತ್ತು ತಕ್ಕಡಿ ಮ್ಯಾಕೆ."

ಹೊಂಬಾಳಮ್ಮ ಓಡಿ ಬಂದು ನಡುವೆ ನಿಂತಳು. ಆ ಕಾಲಲ್ಲಿ ಅವಳು ಓಡಿದ್ದನ್ನು ಊರು ಕಂಡದ್ದು ಅದೇ ಮೊದಲು. ಅವನ ಮೊದಲ ಏಟು ಕಿವಿಯ ಮೇಲೆ, ಎರಡನೆಯದು ಬಾಯಿಗೆ. ಹಲ್ಲೊಂದು ತುಟಿ ಸೀಳಿಕೊಂಡು ಬಂತು. ಅವಳು ಕೆಳಗೆ ಬೀಳಲಿಲ್ಲ, ಕೊರಡಿಗೆ ಆತುಕೊಂಡಳು. ಕೊರಡಿನ ಮೇಲೆ ಬಾಡು ಕಡಿಯುವ ಮಚ್ಚು ಇತ್ತು, ಅದು ಕೈಗೆ ಬಂತು. ಜನ ಹಿಂದೆ ಸರಿದರು.

ಆಗ ಅಂಗಡಿ ಹಿಂದಿನ ಮನೆಯೊಳಗಿಂದ ದೇವಿರಮ್ಮ ಹೊರಗೆ ಬಂದಳು, ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಎಳೆಯುತ್ತ. ಬಂದವಳು ಅಷ್ಟೂ ಜನರ ಮುಂದೆ ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ನಿಂತಳು. ಎಪ್ಪತ್ತು ವರ್ಷದ ಮುದುಕಿಯ ಕಾಲು, ಅದೇ ದಪ್ಪ, ಗಂಟಿನ ಹತ್ತಿರ ಅದೇ ಗೆರೆ, ಕೆಳಗೆ ಅದೇ ಪುಟ್ಟ ಪಾದ. ಮೀನಖಂಡದ ತುಂಬ ಹಳೇ ಬರೆಗಳು, ಎಣಿಸಿದರೆ ಹತ್ತಕ್ಕೂ ಮೇಲೆ.

"ನೋಡ್ಲಾ" ಅಂದಳು. "ಇದು ನಿಮ್ಮಪ್ಪ ಒನ್ನಯ್ಯ ಇಳಿಸಿದ್ ಕೊಬ್ಬು. ಇಳೀತಾ? ನಿಮ್ಮಕ್ಕಂಗೂ ಇತ್ತು, ಅವಳೂ ಬಚ್ಚಿಟ್ಕಂಡೇ ಸತ್ಲು. ನಾನು ಬಾಯಿ ಬುಟ್ಟಿದ್ರೆ ಈ ಮೊಮ್ಮಗಳು ಇಷ್ಟು ಏಟು ತಿಂತಿರ್ಲಿಲ್ಲ. ನನ್ ಒಟ್ಟೆಯಿಂದ ಬಂದಿದ್ದು ಕಣ್ಲಾ ಇದು. ಒಡಿಯೋದಾದ್ರೆ ನಂಗೊಡಿ."

ಶಿವರಾಜುವಿನ ಮುಖ ಕಪ್ಪಿಟ್ಟಿತು. "ಮರ್ಯಾದೆ ತೆಗೀತೀಯಾ" ಅಂತ ತಾಯಿಯನ್ನು ಹಿಂದಕ್ಕೆ ದೂಡಿದ. ಮುದುಕಿ ಅಂಗಾತ ಬಿದ್ದು ತಲೆ ಮೆಟ್ಟಿಲಿಗೆ ಬಡಿಯಿತು. ಆಗ ನೋಡಿ, ಹದಿನೈದು ವರ್ಷ ಬಾಡು ಹಾಕಿಸಿಕೊಳ್ಳುತ್ತ ನಿಂತಿದ್ದ ಊರಿಗೆ ರೋಷ ಬಂತು. ಹೆಂಡತಿಯನ್ನು ಬಡಿದರೆ ಅವರವರ ಮನೆ ವಿಷಯ, ಹೆತ್ತವಳನ್ನು ಕೆಡವಿದರೆ ಊರಿನ ವಿಷಯ. ನಾಲ್ಕು ಜನ ಅವನ ರಟ್ಟೆ ಹಿಡಿದು ಎಳೆದು ತಕ್ಕಡಿಯ ಕೆಳಗೆ ನಿಲ್ಲಿಸಿದರು. ಹೊಂಬಾಳಮ್ಮ ಮಚ್ಚೆತ್ತಿಕೊಂಡು ಬಂದಾಗ ಅದೇ ನಾಲ್ಕು ಜನ ಕೈಬಿಟ್ಟು ಓಡಿದರು.

ಅವನ ತಲೆಗೇ ಹಾಕುತ್ತಾಳೆ ಅಂದುಕೊಂಡರು ಎಲ್ಲ. ಅವಳಿಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ. ಆದರೆ ದೀಪಿಕ ನೋಡುತ್ತಿದ್ದಳು. ಮಚ್ಚು ಅವನ ಕಿವಿಯ ಪಕ್ಕದಲ್ಲಿ ಹಾದು ತಕ್ಕಡಿಯ ಹಗ್ಗಕ್ಕೆ ಬಿತ್ತು. ಹಲಗೆ, ಕಬ್ಬಿಣದ ದಂಡಿಗೆ, ತೂಕದ ಕಲ್ಲು ಎಲ್ಲ ಒಟ್ಟಿಗೆ ಅವನ ಬಲ ಪಾದದ ಮೇಲೆ ಇಳಿದವು. ಮೂಳೆ ಮುರಿದ ಸದ್ದು ಅಂಗಡಿ ಒಳಗಿನ ತನಕ ಕೇಳಿಸಿತು. ಅವನು ಕೂಗಿಕೊಳ್ಳುತ್ತ ಮಣ್ಣಿಗೆ ಬಿದ್ದ, ಇರುವೆ ಸಾಲಿನ ಪಕ್ಕಕ್ಕೇ. ನೋಡುನೋಡುತ್ತಲೇ ಪಾದ ಊದತೊಡಗಿತು. ಅಂಕಯ್ಯ ಡೈರಿ ಜಗಲಿಯಿಂದ ಎದ್ದು ಬಂದವನು ಈ ಸಲ ಬಾಯಿ ಮುಚ್ಚಿಕೊಂಡಿದ್ದ.

ಹೊಂಬಾಳಮ್ಮ ಅವನ ಉಡಿದಾರದಿಂದ ಕೀಲಿಕೈ ಕಿತ್ತು ಅಡುಗೆಮನೆ ಬಾಗಿಲು ತೆಗೆದಳು. ನಿಂತಲ್ಲೇ ತಣ್ಣಗಿನ ಮುದ್ದೆ ಮುರಿದು, ತುಟಿಯ ರಕ್ತದ ಜೊತೆಗೇ ನುಂಗಿದಳು. ಆಮೇಲೆ ಅಜ್ಜಿಯ ತಲೆಗೆ ಬಟ್ಟೆ ಕಟ್ಟಿ, ಮಗಳ ಕೈ ಹಿಡಿದು ಮಳವಳ್ಳಿ ಬಸ್ಸು ಹತ್ತಿದಳು. ಮೂವರ ಆರು ಕಾಲಿಗೂ ಬಸ್ಸಿನ ಮೆಟ್ಟಿಲು ಎತ್ತರವೇ. ಕಂಡಕ್ಟರ್ ಬೈಯದೆ ಕಾದ.

ಮಂಡ್ಯದಲ್ಲಿ ಅರುಂಧತಿ ಮೂವರ ಕಾಲನ್ನೂ ಸಾಲಾಗಿ ನೋಡಿದಳು. ಅಜ್ಜಿಯ ಬರೆಗಳ ಮೇಲೆ ಬೆರಳಾಡಿಸಿ ಒಂದೊಂದನ್ನೇ ಎಣಿಸಿದಳು. ಹಳೇ ಚಿತ್ರದ ಹಾಳೆಗೆ ಹೊಸ ಗುರುತುಗಳನ್ನು ಸೇರಿಸಿ ಪೊಲೀಸಿಗೂ ತಿಳಿಸಿದಳು. ಒಬ್ಬ ಹೆಣ್ಣು ಪೇದೆ ಬಂದು ಹೊಂಬಾಳಮ್ಮನ ಹೇಳಿಕೆ ಬರೆದುಕೊಂಡು ಹೋದಳು. ಆಪರೇಷನ್ ತಕ್ಷಣ ಆಗಲಿಲ್ಲ. ಹಸಿದ ಮೈಗೆ ಕತ್ತಿ ಹಾಕಲ್ಲ ಅಂತ ಡಾಕ್ಟ್ರು ಆಸ್ಪತ್ರೆಯಲ್ಲೇ ಇರಿಸಿಕೊಂಡು ಒಂದೂವರೆ ತಿಂಗಳು ಮೊಟ್ಟೆ, ಹಾಲು, ಮುದ್ದೆ ತಿನ್ನಿಸಿ, ರಕ್ತ ಏರಿದ ಮೇಲೆ ದಿನ ಗೊತ್ತುಮಾಡಿದಳು. ಆಫೀಸಿನ ಗುಮಾಸ್ತ ಕಾಗದ ನೋಡಿ "ಇದು ಅಂದಕ್ಕೆ ಮಾಡಿಸೋದಲ್ವಾ ಮೇಡಂ, ಇದಕ್ಕೆ ಸರ್ಕಾರದ ದುಡ್ಡು ಬರಲ್ಲ" ಅಂದ. ಅರುಂಧತಿ ಅವನನ್ನು ವಾರ್ಡಿಗೆ ಕರೆತಂದು ಆ ಕಾಲಿನ ಮುಂದೆ ನಿಲ್ಲಿಸಿ, "ಇದರಲ್ಲಿ ಅಂದ ಎಲ್ಲೈತೆ ತೋರಿಸಿ, ನೋವು ಎಲ್ಲೈತೆ ನಾನು ತೋರಿಸ್ತೀನಿ" ಅಂದಳು. ಅವನು ಸೀಲು ಒತ್ತಿದ. ಗಂಡನ ಸಹಿ ಬೇಡವಾ ಅಂತ ಕೇಳಿದ್ದಕ್ಕೆ, ಕಾಲು ಯಾರದೋ ಸಹಿ ಅವರದೇ ಅಂದಳು. ಹೊಂಬಾಳಮ್ಮ ಒಂದೊಂದೇ ಅಕ್ಷರ ಒತ್ತಿ ಬರೆದಳು.

ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ಅವಳಿಗೆ ಎಚ್ಚರವಿತ್ತು. ಮೊದಲು ಕಾಲಿನ ತುಂಬ ಔಷಧಿ ನೀರು ತುಂಬಿಸಿದರು, ಆಮೇಲೆ ಕೊಳವೆ ಬಿಟ್ಟರು. ಮೆತ್ತಗೆ ಆಗುವ ಕೆಲಸ ಅಂದುಕೊಂಡಿದ್ದರೆ ಮರೆತುಬಿಡಿ. ಡಾಕ್ಟ್ರು ತೋಳು ಸೋಲುವ ತನಕ ಇರಿದರು, ಎಳೆದರು, ಮತ್ತೆ ಇರಿದರು, ಹಣೆಯ ಬೆವರನ್ನು ನರ್ಸಮ್ಮ ಒರೆಸುತ್ತಿದ್ದಳು. ಮೇಜು ಅಲುಗುತ್ತಿತ್ತು. ಹೊಂಬಾಳಮ್ಮ ಹಲ್ಲು ಕಚ್ಚಿ ಏಟಿಗೆ ಕಾದಳು. ಅವಳ ಮೈಗೆ ಗೊತ್ತಿದ್ದದ್ದೇ ಅಷ್ಟು. ಪ್ರತಿ ಸಲವೂ ಅರುಂಧತಿ ಕೈ ನಿಲ್ಲಿಸಿ "ಏನಾದ್ರೂ ಆಯ್ತಾ ಇದೆಯಾ ಹೊಂಬಾಳಮ್ಮ?" ಅಂತ ಕೇಳುತ್ತಿದ್ದಳು. ಅವಳ ಕಾಲಿಗೆ ಕೈ ಹಾಕಿ ಹಾಗೆ ಕೇಳಿದವರು ಇಷ್ಟು ವರ್ಷದಲ್ಲಿ ಯಾರೂ ಇರಲಿಲ್ಲ. ಅಷ್ಟು ದಿನ ಬಾರದ ಅಳು ಅಲ್ಲಿ, ಮೇಜಿನ ಮೇಲೆ, ಒತ್ತರಿಸಿಕೊಂಡು ಬಂತು.

ಪಕ್ಕದ ಜಾಡಿಯಲ್ಲಿ ಹಳದಿ ಕೊಬ್ಬು ರಕ್ತದ ಎಳೆ ಸೇರಿ ನಾಲ್ಕು ಲೀಟರ್ ತುಂಬಿತು. ಇದು ಮೊದಲ ಕಂತು, ಮೊಣಕಾಲ ಕೆಳಗಿನದು ಮಾತ್ರ ಅಂದರು.

ಮೂರನೇ ದಿನ ಬೆಳಗ್ಗೆ ಶಿವರಾಜು ಬಂದ. ಕುಂಟುತ್ತ ಬಂದ, ಪಾದದ ಮೂಳೆ ಇನ್ನೂ ಪೂರಾ ಕೂಡಿರಲಿಲ್ಲ. ಠಾಣೆಗೆ ಕರೆಸಿ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದ್ದರು, ಆ ಸಿಟ್ಟು ಮುಖದಲ್ಲೇ ಇತ್ತು. ಹೊಂಬಾಳಮ್ಮ ಮಂಚದ ಮೇಲೆ ಒರಗಿದ್ದಳು. ಎರಡೂ ಕಾಲಿಗೆ ಪಾದದಿಂದ ಮೇಲಕ್ಕೆ ಬಿಗಿಯಾದ ಕಾಲುಚೀಲ. ಅಜ್ಜಿ ಕಿಟಕಿ ಪಕ್ಕ ಎಲೆಅಡಿಕೆ ಜಗಿಯುತ್ತಿದ್ದಳು, ದೀಪಿಕ ಮಂಚದ ತುದಿಯಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದಳು.

"ನಡೀರಿ ಮನೆಗೆ" ಅಂದ. "ಅಂಗಡಿ ನೋಡೋರಿಲ್ಲ. ಕೊಬ್ಬು ತೆಗೆಸ್ಕಂಡಾಯ್ತಲ್ಲ, ಸಾಕು."

"ಇನ್ನೂ ಎರಡು ಕಂತು ಐತೆ ಮಾವ. ಆಮೇಲೂ ನಾನು ಬರಾಕಿಲ್ಲ. ಕೂಸಿನ ಕಾಲನ್ನೂ ಇಲ್ಲೇ ತೋರಿಸ್ತಿರ್ಬೇಕು."

ಅವನು ದೀಪಿಕಳ ಕೈಯಿಂದ ತಟ್ಟೆ ಕಿತ್ತು ನೆಲಕ್ಕೆ ಬಡಿದ. "ಇಂಗೆ ತಿಂದ್ರೆ ಇನ್ನೇನಾಯ್ತದೆ" ಅಂತ ಬಗ್ಗಿ, ಆ ಎರಡು ಬೆರಳನ್ನು ಮಗಳ ಮೀನಖಂಡಕ್ಕೆ ಚಾಚಿದ.

ಹೊಂಬಾಳಮ್ಮ ಯೋಚನೆ ಮಾಡಲಿಲ್ಲ. ಎಡಗಾಲು ತಾನಾಗಿ ಮಡಿಚಿಕೊಂಡು, ಬಿಟ್ಟ ಬಾಣದ ಹಾಗೆ ಹೋಗಿ ಅವನ ಎದೆಗೆ ನೆಟ್ಟಿತು. ಅವನು ಹಿಂದಕ್ಕೆ ಹಾರಿ, ಗ್ಲೂಕೋಸ್ ಕಂಬದ ಜೊತೆ ಪಕ್ಕದ ಮಂಚಕ್ಕೆ ಬಡಿದು, ಮುರಿದ ಪಾದದ ಮೇಲೇ ಕುಸಿದು ಬಿದ್ದ. ಅವಳ ಕಾಲಿಗೆ ಬೆಂಕಿ ಇಟ್ಟ ಹಾಗೆ ನೋವಾಯಿತು, ಕಾಲುಚೀಲದ ಮೇಲೆ ರಕ್ತದ ಚುಕ್ಕೆ ಎದ್ದವು. ನೋಯಲಿ, ಅದು ತನ್ನ ಕಾಲೇ ಅಂತ ಅವಳಿಗೆ ಅವತ್ತು ಖಾತ್ರಿಯಾಯಿತು.

ಸದ್ದಿಗೆ ಅರುಂಧತಿ ಓಡಿ ಬಂದಳು. ನೆಲದಲ್ಲಿ ಮುಲುಗುತ್ತಿದ್ದವನನ್ನು ನೋಡಿದಳು, ಇನ್ನೂ ಚಾಚಿಕೊಂಡೇ ಇದ್ದ ಕಾಲು ನೋಡಿದಳು.

"ಏನಾಯ್ತು ಇಲ್ಲಿ?"

"ಏನಿಲ್ಲ ಡಾಕ್ಟ್ರಮ್ಮ" ಅಂದಳು ಹೊಂಬಾಳಮ್ಮ. "ನಮ್ಮ ಮಾವಂಗೆ ಒಸಿ ಕೊಬ್ಬಿತ್ತು, ಇಳಿಸ್ದೆ."

ಡಾಕ್ಟ್ರು ವಾರ್ಡಿನ ಕಾವಲುಗಾರನನ್ನು ಕೂಗಿ ಅವನನ್ನು ಹೊರಗೆ ಹಾಕಿಸಿ, ಕಾಲುಚೀಲ ಬಿಚ್ಚಿ ಹೊಲಿಗೆ ನೋಡತೊಡಗಿದಳು. ದೀಪಿಕ ತಟ್ಟೆ ತೊಳೆದುಕೊಂಡು ಬಂದು ಇನ್ನೆರಡು ಇಡ್ಲಿ ಹಾಕಿಸಿಕೊಂಡಳು.